ಸಾಲ್ಮನ್ ವಾಪಸ್ ಬರ್ಬೇಕಂದ್ರೆ ಹಳ್ಳಕ್ಕೆ ಮೊದ್ಲು ಜಾಗ ಬಿಡಿ

ಅಮೆರಿಕದ ವಾಷಿಂಗ್ಟನ್ ರಾಜ್ಯ, ಒರೆಗಾನ್ ಕಡೆ ನಿಮ್ಮ ಜಮೀನಲ್ಲಿ ಒಂದು ಹಳ್ಳ ಹರೀತಿದ್ರೆ, ಅಥವಾ ಯಾವ್ದಾದ್ರೂ ನದಿ ಉಳಿಸೋ ಗುಂಪಿನ ಜೊತೆ ವೀಕೆಂಡಲ್ಲಿ ಗಿಡ ನೆಡೋಕೆ ಹೋಗ್ತಿದ್ರೆ, ಇದನ್ನ ಓದಿ. ಸಾಲ್ಮನ್ ಹಳ್ಳದಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ, ಮೊಟ್ಟೆ ಇಡೋಕೆ ಹಳ್ಳಕ್ಕೇ ವಾಪಸ್ ಬರೋ ಮೀನು. ಸಾಲ್ಮನ್, ಟ್ರೌಟ್ ಮೀನುಗಳಿಗೆ ಒಳ್ಳೇದಾಗಿರೋ ಹಳ್ಳ ನಮ್ಮ ಕಣ್ಣಿಗೆ ಗಲೀಜಾಗೇ ಕಾಣತ್ತೆ, ಅಡ್ಡಡ್ಡ ಬಿದ್ದ ಮರ, ಮೂರ್ನಾಲ್ಕು ಕವಲು, ಅಲ್ಲಲ್ಲಿ ನಿಂತ ನೀರು, ಕಾಲಿಟ್ರೆ ಹೂತುಹೋಗೋ ಕೆಸರು. ಇದು ಒಪ್ಪಿಗೆ ಆಗದೆ ಕೆಲಸಕ್ಕೆ ಇಳಿದ್ರೆ ಹಳ್ಳನ ಕಾಲುವೆ ಮಾಡಿ ಬರ್ತೀವಿ ಅಷ್ಟೆ. 1950ರಿಂದ ಹೆಚ್ಚುಕಮ್ಮಿ 80ರ ತನಕ ಮೀನು ಓಡಾಡೋಕೆ ಅಡ್ಡ ಅಂತ ಅಂದ್ಕೊಂಡು ಎಷ್ಟೋ ಹಳ್ಳಗಳಿಂದ ದಿಮ್ಮಿಗಳನ್ನ ಎಳೆದು ಹಾಕಿದ್ರು, ಒಳ್ಳೇ ಮನಸ್ಸಿಂದಾನೇ ಮಾಡಿದ್ದು, ಆದ್ರೆ ಅದ್ರಿಂದ ಮಡುಗಳು ಮುಚ್ಚಿಹೋದ್ವು, ಜಲ್ಲಿ ಕೊಚ್ಚಿಹೋಯ್ತು. ಈಗ ಅದೇ ಥರದ ದಿಮ್ಮಿನ ಕೆಲವು ಕಡೆ ಹೆಲಿಕಾಪ್ಟರಲ್ಲಿ ತಂದು ಇಡ್ತಿದಾರೆ.

ಸಲಿಕೆ ಹಿಡಿಯೋ ಮುಂಚೆ ಒಂದು ವರ್ಷ ಸುಮ್ನೆ ನೋಡಿ. ಚಳಿಗಾಲದಲ್ಲಿ ಮಳೆ ಜೋರಾದಾಗ ಒಂದ್ಸಲ ಹೋಗಿ, ನೀರು ದಡ ಮೀರಿ ಪಕ್ಕದ ಬಯಲಿಗೆ ಹತ್ತತ್ತಾ ಅಥವಾ ಆಳವಾದ ಚರಂಡಿ ಥರ ಒಳಗೇ ರಭಸವಾಗಿ ಓಡಿಹೋಗತ್ತಾ ನೋಡಿ. ಬಯಲಿಗೆ ಹತ್ತಲ್ಲ ಅಂದ್ರೆ ಹಳ್ಳ ಕೊರೆದು ಕೆಳಗಿಳಿದಿದೆ ಅಂತ ಅರ್ಥ, ಅಂತರ್ಜಲಾನೂ ಅದ್ರ ಜೊತೆ ಇಳಿದಿರತ್ತೆ, ಬೇಸಿಗೇಲಿ ಹಳ್ಳಕ್ಕೆ ತಣ್ಣನೆ ನೀರು ಜಿನುಗೋದು ಕಮ್ಮಿಯಾಗತ್ತೆ. ಜುಲೈ ಆಗಸ್ಟಲ್ಲಿ ನೀರೊಳಗೆ ಒಂದು ಟೆಂಪರೇಚರ್ ಲಾಗರ್ (ಉಷ್ಣತೆನ ತಾನೇ ದಾಖಲಿಸೋ ಸಣ್ಣ ಉಪಕರಣ) ಕಟ್ಟಿಡಿ. ಸಾಲ್ಮನ್, ಟ್ರೌಟ್ ಮರಿಗಳು ಬೇಸಿಗೆ ಕಳೆಯೋ ಮುಖ್ಯ ಜಾಗಗಳಿಗೆ ವಾಷಿಂಗ್ಟನ್ ರಾಜ್ಯ ಇಟ್ಟಿರೋ ಮಿತಿ 16 ಡಿಗ್ರಿ ಸೆಲ್ಸಿಯಸ್, ಬುಲ್ ಟ್ರೌಟ್ ಇನ್ನೂ ಸೂಕ್ಷ್ಮ, ಅದಕ್ಕೆ 12. ಇದನ್ನ ದಿನದ ಗರಿಷ್ಠ ಉಷ್ಣತೆಯ ಏಳು ದಿನದ ಸರಾಸರಿ ತೆಗೆದು ನೋಡ್ತಾರೆ, ಯಾವ್ದೋ ಒಂದು ದಿನ ಬೆಳಿಗ್ಗೆ ಹೋಗಿ ಕೈ ಅದ್ದಿ ತಣ್ಣಗಿದೆ ಅಂದ್ರೆ ಏನೂ ಗೊತ್ತಾಗಲ್ಲ.

ಹಾಗೇ ಹಳ್ಳದ ಗುಂಟ ಕೆಳಗೆ ನಡ್ಕೊಂಡು ಹೋಗಿ ರಸ್ತೆ ಕೆಳಗಿನ ಕಲ್ವರ್ಟ್‌ಗಳನ್ನ, ಅಂದ್ರೆ ಹಳ್ಳ ದಾಟೋ ಪೈಪುಗಳನ್ನ ನೋಡಿ. ಪೈಪಿನ ಬಾಯಿ ನೀರಿಂದ ಮೇಲೆ ನೇತಾಡ್ತಿದ್ರೆ ಮರಿಮೀನು ಹತ್ತಲ್ಲ, ಒಳಗೆ ರಭಸ ಜಾಸ್ತಿ ಇದ್ರೆ ದೊಡ್ಡ ಮೀನೂ ಸೋತು ವಾಪಸ್ ಹೋಗತ್ತೆ. ಅದು ಸರಿಯಾಗದೆ ಮೇಲ್ಗಡೆ ನೀವು ಎಷ್ಟೇ ಚೆನ್ನಾಗಿ ಮಾಡಿದ್ರೂ ಸಮುದ್ರದಿಂದ ಬರೋ ಮೀನಿಗೆ ಅದು ಸಿಗೋದೇ ಇಲ್ಲ. ಇದೇ ವಿಷ್ಯಕ್ಕೆ ಮೂಲನಿವಾಸಿ ಬುಡಕಟ್ಟುಗಳು ಕೋರ್ಟಿಗೆ ಹೋಗಿ, ವಾಷಿಂಗ್ಟನ್ ರಾಜ್ಯದ ರಸ್ತೆಗಳ ಕಲ್ವರ್ಟ್ ಸರಿ ಮಾಡ್ಬೇಕು ಅಂತ 2013ರಲ್ಲಿ ಆದೇಶ ತಂದ್ರು, 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಲ್ಲಿ ನ್ಯಾಯಮೂರ್ತಿಗಳ ಮತ 4-4 ಸಮ ಆಗಿ ಆ ಆದೇಶ ಉಳೀತು.

ಇನ್ನು ಮೀನಿಗೆ ಏನ್ ಬೇಕು ಅನ್ನೋದು. ಹೆಣ್ಣು ಮೀನು ಬಾಲದಿಂದ ಜಲ್ಲಿ ಕೆದಕಿ ಗುಂಡಿ ಮಾಡಿ ಮೊಟ್ಟೆ ಇಡತ್ತೆ, ಸಾಲ್ಮನ್ ಮೊಟ್ಟೆಗಳು ಚಳಿಗಾಲವಿಡೀ ಆ ಜಲ್ಲಿಯೊಳಗೇ ಇರ್ತವೆ, ಕಲ್ಲುಗಳ ಸಂದಿಲಿ ನೀರು ಹರೀತಾ ಇದ್ರೆ ಮಾತ್ರ ಉಸಿರು. ಮೇಲಿಂದ ಹೂಳು ಬಂದು ಸಂದಿ ಮುಚ್ಚಿದ್ರೆ ಮುಗೀತು. ಬದುಕಿ ಹೊರಗೆ ಬಂದ ಕೋಹೋ (ಸಾಲ್ಮನ್‌ನ ಒಂದು ಜಾತಿ) ಮರಿ ಸಾಮಾನ್ಯವಾಗಿ ಒಂದು ವರ್ಷಕ್ಕೂ ಹೆಚ್ಚು ಸಿಹಿನೀರಲ್ಲೇ ಇರತ್ತೆ, ಚಳಿಗಾಲದ ನೆರೆ ಬಂದಾಗ ಬೆರಳುದ್ದದ ಮರಿ ಎಲ್ಲಿಗೆ ಹೋಗ್ಬೇಕು ಹೇಳಿ, ಪಕ್ಕದ ಕವಲು, ಬೀವರ್ (ಹಳ್ಳಕ್ಕೆ ಅಡ್ಡ ಕಟ್ಟೆ ಕಟ್ಟೋ ಪ್ರಾಣಿ) ಕಟ್ಟಿದ ಕೊಳ, ಬಯಲಲ್ಲಿ ನಿಂತ ನೀರು ಇವೇ ಅದಕ್ಕೆ ಆಸರೆ. ಆಸರೆ ಮಾತ್ರ ಅಲ್ಲ ಊಟಾನೂ ಅಲ್ಲೇ. ಕ್ಯಾಲಿಫೋರ್ನಿಯಾದ ಯೋಲೋ ಬೈಪಾಸ್ ಅನ್ನೋ ನೆರೆ ಬಯಲಲ್ಲಿ ಬೆಳೆದ ಚಿನೂಕ್ (ಇದೂ ಒಂದು ಸಾಲ್ಮನ್ ಜಾತಿ) ಮರಿಗಳು ಪಕ್ಕದ ಸ್ಯಾಕ್ರಮೆಂಟೋ ನದಿಲಿದ್ದವಕ್ಕಿಂತ ಬೇಗ ದಪ್ಪ ಆಗಿದ್ವು ಅಂತ 2001ರಲ್ಲೇ ಪ್ರಕಟ ಆಗಿದೆ. ಅದಕ್ಕೇ ನಾನು ಪದೇ ಪದೇ ಬಯಲು ಬಯಲು ಅನ್ನೋದು.

ಕೆಲಸ ಶುರು ಮಾಡೋದು ದನಗಳಿಗೆ ಬೇಲಿ ಹಾಕಿ ದಡದಿಂದ ದೂರ ಇಡೋದ್ರಿಂದ, ಆಮೇಲೆ ಗಿಡ. ವಿಲೋ, ರೆಡ್ ಓಸಿಯರ್ ಡಾಗ್‌ವುಡ್ ಇವೆರಡಕ್ಕೂ ನರ್ಸರಿ ಸಸಿ ಬೇಕಿಲ್ಲ, ಎಲೆ ಉದುರಿ ಮರ ಮಲಗಿರೋ ಚಳಿಗಾಲದಲ್ಲಿ ಹೆಬ್ಬೆರಳು ದಪ್ಪದ ಕೊಂಬೆ ಕಡಿದು, ಎರಡು ಮೂರು ಅಡಿ ಗೂಟ ಮಾಡಿ, ಒಣಗೋಕೆ ಬಿಡದೆ ನೀರಲ್ಲಿಟ್ಟು, ಮೊಗ್ಗು ಮೇಲ್ಮುಖ ಇರೋ ಹಾಗೆ ಮೂರರಲ್ಲಿ ಎರಡು ಭಾಗ ತೇವದ ಮಣ್ಣಿಗೆ ಇಳಿಸಿ. ತಲೆಕೆಳಗಾಗಿ ನೆಡೋದು ತುಂಬಾ ಸುಲಭವಾಗಿ ಆಗೋ ತಪ್ಪು, ಅದಕ್ಕೆ ಕಡಿಯುವಾಗಲೇ ಬುಡದ ಕಡೆ ಚೂಪು ಮಾಡ್ಕೊಳಿ. ದೀರ್ಘಕಾಲದ ನೆರಳಿಗೆ ಮಧ್ಯೆ ಮಧ್ಯೆ ವೆಸ್ಟರ್ನ್ ರೆಡ್ ಸೀಡರ್, ಸಿಟ್ಕಾ ಸ್ಪ್ರೂಸ್. ರೀಡ್ ಕ್ಯಾನರಿ ಹುಲ್ಲು, ಹಿಮಾಲಯನ್ ಬ್ಲ್ಯಾಕ್‌ಬೆರಿ ಥರದ ಕಳೆ ಇದ್ರೆ ಗಿಡ ತಲೆ ಎತ್ತೋ ತನಕ ಪ್ರತಿ ವರ್ಷ ಹೋಗಿ ಕೀಳ್ಬೇಕು, ನೆಟ್ಟ ದಿನ ಫೋಟೋ ತೆಗ್ಸಿಕೊಂಡು ಆಮೇಲೆ ಆ ಕಡೆ ತಲೆ ಹಾಕದಿದ್ರೆ ಹುಲ್ಲೇ ಗೆಲ್ಲೋದು.

ದಿಮ್ಮಿ ಇಡೋದು ಎಂಜಿನಿಯರ್ ನೋಡ್ಬೇಕಾದ ಕೆಲಸ, ಅದ್ರಲ್ಲೂ ಕೆಳಗೆ ಸೇತುವೆ ಮನೆ ಇದ್ರೆ, ದೋಣಿಯೋರು ಓಡಾಡ್ತಿದ್ರೆ. ನಿಮಗೆ ಗೊತ್ತಿರ್ಬೇಕಾದ್ದು ಇಷ್ಟು, ಬೇರುಬುಡದ ಸಮೇತ ಇರೋ ಮರ ಬರೀ ಕಾಂಡಕ್ಕಿಂತ ಚೆನ್ನಾಗಿ ನಿಲ್ಲತ್ತೆ, ಉದ್ದ ಹಳ್ಳದ ಅಗಲಕ್ಕಿಂತ ಚೆನ್ನಾಗಿ ಜಾಸ್ತಿ ಇರ್ಬೇಕು, ಸೀಡರ್, ಡಗ್ಲಸ್ ಫರ್ ಮರಗಳು ಬಾಳಿಕೆ ಬರ್ತವೆ, ಆಲ್ಡರ್ ಮರ ಬೇಗ ಕೊಳೆಯತ್ತೆ.

ಕೊರೆದುಹೋದ ಸಣ್ಣ ಹಳ್ಳಕ್ಕೆ ನಂಗೆ ತುಂಬಾ ಇಷ್ಟವಾದ ದಾರಿ ಬೀವರ್ ಕಟ್ಟೆಯ ನಕಲು. ಹಳ್ಳಕ್ಕೆ ಅಡ್ಡ ಸಾಲಾಗಿ ಮರದ ಗೂಟ ಹೊಡೆದು, ನಡುವೆ ವಿಲೋ ಕೊಂಬೆ ಬುಟ್ಟಿ ಹೆಣೆದ ಹಾಗೆ ಹೆಣೆದು, ಮೇಲ್ಗಡೆಯಿಂದ ಮಣ್ಣು ಕಲ್ಲು ಹುಲ್ಲುಹೆಂಟೆ ಒತ್ತೋದು. ನೀರು ಸೋರ್ಬೇಕು, ಅದು ಅಣೆಕಟ್ಟಲ್ಲ. ಎತ್ತರವಾದ ಒಂದೇ ಕಟ್ಟೆ ಬೇಡ, ಚಿಕ್ಕಚಿಕ್ಕದು ಸಾಲಾಗಿ ಕಟ್ಟಿ, ಒಂದು ಒಡೆದ್ರೂ ಕೆಳಗಿನದು ಹಿಡಿಯತ್ತೆ, ಹಿಂದೆ ಹೂಳು ತುಂಬ್ತಾ ಹಳ್ಳದ ತಳ ಮೇಲೇಳತ್ತೆ. ಒರೆಗಾನ್‌ನ ಬ್ರಿಡ್ಜ್ ಕ್ರೀಕಲ್ಲಿ 2009ರಿಂದ ಹೀಗೆ ಮಾಡಿದ್ರು, ಬೀವರ್‌ಗಳೂ ಬಂದು ಕಟ್ಟೋಕೆ ಶುರು ಮಾಡಿದ್ವು, 2016ರಲ್ಲಿ ಬಂದ ಫಲಿತಾಂಶದ ಪ್ರಕಾರ ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ಬರೋ ಟ್ರೌಟ್) ಮರಿಗಳ ಸಂಖ್ಯೆ, ಬದುಕುಳಿಯೋ ಪ್ರಮಾಣ ಎರಡೂ ಏರಿತ್ತು, ಮೀನಿನ ಓಡಾಟಕ್ಕೂ ತೊಂದ್ರೆ ಆಗಿರ್ಲಿಲ್ಲ.

ಪರ್ಮಿಟ್ ಇಲ್ದೆ ನೀರಿಗೆ ಇಳೀಬೇಡಿ. ವಾಷಿಂಗ್ಟನ್‌ನಲ್ಲಿ ಮೀನು ಮತ್ತು ವನ್ಯಜೀವಿ ಇಲಾಖೆಯ ಹೈಡ್ರಾಲಿಕ್ ಪ್ರಾಜೆಕ್ಟ್ ಅಪ್ರೂವಲ್ ಅನ್ನೋ ಅನುಮತಿ ಬೇಕು, ಬಹಳಷ್ಟು ಕೆಲಸಕ್ಕೆ ಆರ್ಮಿ ಕೋರ್ (ಅಮೆರಿಕ ಸೇನೆಯ ಎಂಜಿನಿಯರ್ ವಿಭಾಗ) ಅನುಮತಿನೂ ಬೇಕಾಗತ್ತೆ. ನೀರೊಳಗಿನ ಕೆಲಸಕ್ಕೆ ತಿಂಗಳುಗಳನ್ನೂ ಅವ್ರೇ ಗೊತ್ತು ಮಾಡ್ತಾರೆ, ಸಾಮಾನ್ಯವಾಗಿ ಬೇಸಿಗೆ, ಅಂದ್ರೆ ಜಲ್ಲಿಯೊಳಗೆ ಮೊಟ್ಟೆ ಇಲ್ಲದ ಸಮಯ. ಮೀನು ಮೊಟ್ಟೆ ಇಡೋ ಕಾಲದಲ್ಲಿ ಬೂಟು ಹಾಕ್ಕೊಂಡು ಜಲ್ಲಿ ಮೇಲೆ ಓಡಾಡ್ಬೇಡಿ, ನಾಯಿನೂ ಬಿಡ್ಬೇಡಿ.

ಊರೊಳಗಿನ ಹಳ್ಳ ಆದ್ರೆ ಇನ್ನೊಂದು ಮಾತು, ಕಾರಿನ ಟೈರಿಂದ ಬರೋ 6ಪಿಪಿಡಿ-ಕ್ವಿನೋನ್ ಅನ್ನೋ ವಿಷ ಮಳೆನೀರಿನ ಜೊತೆ ಸೇರಿ ಕೋಹೋಗಳನ್ನ ಕೊಲ್ಲತ್ತೆ ಅಂತ 2020ರಲ್ಲಿ ಪತ್ತೆ ಆಯ್ತು. ರಸ್ತೆ ನೀರನ್ನ ನೇರ ಹಳ್ಳಕ್ಕೆ ಬಿಡದೆ ಮಣ್ಣು, ಕಾಂಪೋಸ್ಟ್ ಇರೋ ರೇನ್ ಗಾರ್ಡನ್ (ಮಳೆನೀರು ಇಂಗೋಕೆ ಮಾಡಿದ ತಗ್ಗಿನ ತೋಟ) ಮೂಲಕ ಇಳಿಸಿ.

ಕೆಲಸ ಮುಗಿದ ಮೇಲೆ ಒಂದು ಗೂಟ ನೆಟ್ಟು ಪ್ರತಿ ವರ್ಷ ಅದೇ ಜಾಗದಿಂದ ಅದೇ ದಿಕ್ಕಿಗೆ ಫೋಟೋ ತೆಗೀರಿ, ಲಾಗರ್ ಬಿಚ್ಬೇಡಿ. ಕೋಹೋ ಹೆಚ್ಚಾಗಿ ಮೂರು ವರ್ಷಕ್ಕೆ ವಾಪಸ್ ಬರೋದು, ಹಾಗಾಗಿ ಮುಂದಿನ ವರ್ಷವೇ ಲೆಕ್ಕ ಕೇಳೋದ್ರಲ್ಲಿ ಅರ್ಥ ಇಲ್ಲ. ಮೊದಲ ದೊಡ್ಡ ನೆರೆ ಇಳಿದ ಮೇಲೆ ಹೋದಾಗ ಒಂದೆರಡು ದಿಮ್ಮಿ ಜಾಗ ಬಿಟ್ಟು ಸರಿದಿರ್ಬಹುದು, ಹೊಸ ಕವಲು ಒಡೆದಿರ್ಬಹುದು, ಕೆಳಗೆ ಯಾರ ಮನೆಗೂ ಸೇತುವೆಗೂ ಅಪಾಯ ಇಲ್ಲ ಅಂದ್ರೆ ಅದನ್ನ ಮುಟ್ಬೇಡಿ.