ತೂಕ ಕಟ್ಟಿ ಕತ್ತು ಕೂರಿಸಿದ ರಾತ್ರಿ

ಕನಕಪುರದ ಕಡೆಯ ಹುಡುಗ. ಬಾವಿಗೆ ತಲೆ ಕೆಳಗಾಗಿ ಹಾರಿದ್ದ, ನೀರಿದ್ದದ್ದು ಸೊಂಟದ ಮಟ್ಟಕ್ಕೆ. ಅಣ್ಣಂದಿರು ಅವನನ್ನು ಟಾಟಾ ಏಸ್‌ನಲ್ಲಿ ಮಲಗಿಸಿಕೊಂಡು ಬೆಂಗಳೂರಿನ ನಮ್ಮ ಕ್ಯಾಶುವಾಲಿಟಿಗೆ ತಂದಾಗ ರಾತ್ರಿ ಒಂಬತ್ತೂವರೆ. ಕತ್ತಿನ ಕೆಳಗೆ ಮಡಚಿದ ಟವೆಲ್ ಒಂದಿತ್ತು, ಅಷ್ಟೇ.

ನಾನು ಮೊದಲು ತಲೆಯ ಹಿಂದೆ ನಿಂತು ಎರಡೂ ಕೈಯಲ್ಲಿ ತಲೆ ಹಿಡಿದೆ. ಎಳೆಯಬಾರದು, ಅಲ್ಲಾಡದ ಹಾಗೆ ಸುಮ್ನೆ ಹಿಡಿಯಬೇಕು. ನಾನು ಎಣಿಸಿದಂತೆ ಉಳಿದ ನಾಲ್ವರು ಮರದ ದಿಮ್ಮಿಯ ಹಾಗೆ ಮೈಯನ್ನು ಒಟ್ಟಿಗೆ ಹೊರಳಿಸಿ ಬೆನ್ನು ನೋಡಿದರು. ಆಮೇಲೆ ಕತ್ತು ಅಲ್ಲಾಡದ ಹಾಗೆ ಹಿಡಿಯುವ ಕಾಲರ್.

ಬಿ.ಪಿ. 80/50, ನಾಡಿ 52. ರಕ್ತ ಸೋರುತ್ತಿದೆ ಅಂದುಕೊಂಡ ಹೌಸ್ ಸರ್ಜನ್ ಸಲೈನ್ ಮೇಲೆ ಸಲೈನ್ ಏರಿಸಲು ಹೊರಟ. ರಕ್ತ ಹೋದರೆ ಸಾಮಾನ್ಯವಾಗಿ ನಾಡಿ ಓಡುತ್ತದೆ, ಕೈಕಾಲು ತಣ್ಣಗಾಗುತ್ತವೆ. ಇವನ ಪಾದ ಬೆಚ್ಚಗಿತ್ತು. ಕತ್ತಿನ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದಾಗ ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳು ಕೈಬಿಡುತ್ತವೆ, ಹೃದಯವೂ ನಿಧಾನವಾಗುತ್ತದೆ. ಆದರೂ ಹೊಟ್ಟೆಗೆ ಸ್ಕ್ಯಾನ್ ಹಾಕಿ ರಕ್ತಸ್ರಾವ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಆಮೇಲೆ ರಕ್ತನಾಳ ಬಿಗಿಸಿ ಒತ್ತಡ ಏರಿಸುವ ನಾರ್‌ಅಡ್ರಿನಲಿನ್ ಶುರು. ಸರಾಸರಿ ರಕ್ತದೊತ್ತಡ 85ರ ಮೇಲಿರಬೇಕು, ಇಲ್ಲದಿದ್ದರೆ ಊದಿಕೊಂಡ ಬೆನ್ನುಹುರಿಗೆ ರಕ್ತವೇ ಸಾಲುವುದಿಲ್ಲ.

ಹುಡುಗ ಮೊಣಕೈ ಮಡಚುತ್ತಿದ್ದ. ಬೆರಳು, ಕಾಲು ಅಲ್ಲಾಡುತ್ತಿರಲಿಲ್ಲ. ಗುದದ್ವಾರದ ಸುತ್ತ ಪಿನ್ ತಾಗಿಸಿದೆ, "ಚುಚ್ತಿದೆ ಸಾರ್" ಅಂದ. ಮುಜುಗರ ಅಂತ ಈ ಪರೀಕ್ಷೆ ಬಿಡುವವರಿದ್ದಾರೆ. ನನಗೆ ಆ ಒಂದು ಮಾತೇ ಸಾಕಾಗಿತ್ತು, ಹುರಿ ಪೂರ್ತಿ ಕಡಿದಿಲ್ಲ ಅಂತ.

ಸಿ.ಟಿ.ಯಲ್ಲಿ ಕತ್ತಿನ ಐದನೇ ಮಣಿ ಆರನೆಯದರ ಮೇಲೆ ಅರ್ಧಕ್ಕಿಂತ ಜಾಸ್ತಿ ಮುಂದೆ ಜಾರಿ ಸಿಕ್ಕಿಹಾಕಿಕೊಂಡಿತ್ತು. ಎಂ.ಆರ್.ಐ.ಗೆ ಇನ್ನೂ ಮೂರು ಗಂಟೆ ಕಾಯಬೇಕಿತ್ತು. ಕಾಯದೆ ತಲೆಗೆ ತೂಕ ಕಟ್ಟಿ ಎಳೆದು ಮಣಿ ಕೂರಿಸೋಣ ಅಂದುಕೊಂಡೆ. ಮಣಿಗಳ ನಡುವಿನ ಡಿಸ್ಕ್ ಒಡೆದು ಹಿಂದಕ್ಕೆ ತಳ್ಳಿಕೊಂಡಿದ್ದರೆ ಎಳೆಯುವಾಗ ಹುರಿ ಇನ್ನಷ್ಟು ನಜ್ಜುಗುಜ್ಜಾಗಬಹುದು, ಆ ಭಯ ಸುಳ್ಳಲ್ಲ. ಆದರೆ ಹುಡುಗ ಎಚ್ಚರವಾಗಿದ್ದ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ಪ್ರಜ್ಞೆ ಇಲ್ಲದವನಾಗಿದ್ದರೆ ಖಂಡಿತ ಕೈ ಹಾಕುತ್ತಿರಲಿಲ್ಲ.

ಕಿವಿಯಿಂದ ಒಂದು ಸೆಂಟಿಮೀಟರ್ ಮೇಲೆ ಎರಡೂ ಕಡೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತಲೆಬುರುಡೆ ಹಿಡಿಯುವ ಇಕ್ಕಳದ ಮೊನೆ ತಿರುಗಿಸಿ ಕೂರಿಸಿದೆವು. ರಾಟೆ, ಹಗ್ಗ. ಮೊದಲು ನಾಲ್ಕೂವರೆ ಕಿಲೋ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡೆರಡು ಕಿಲೋ ಜಾಸ್ತಿ, ಪ್ರತಿ ಸಲವೂ ಎಕ್ಸ್-ರೇ, ಪ್ರತಿ ಸಲವೂ ಅದೇ ಪ್ರಶ್ನೆ: "ಮೊಣಕೈ ಮಡಚಪ್ಪಾ. ಹೊಸದಾಗಿ ಎಲ್ಲಾದ್ರೂ ಜೋಮು ಹಿಡೀತಿದ್ಯಾ?" ಏನಾದರೂ ಕೆಟ್ಟರೆ ತಕ್ಷಣ ತೂಕ ಇಳಿಸಬೇಕು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಹದಿನೆಂಟು ಕಿಲೋ ದಾಟಿದ ಮೇಲೆ "ಕಟಕ್ ಅಂತು ಸಾರ್" ಎಂದ. ಎಕ್ಸ್-ರೇಯಲ್ಲಿ ಮಣಿಗಳು ಸಾಲಿಗೆ ಬಂದಿದ್ದವು. ತೂಕವನ್ನು ಕಡಿಮೆ ಮಾಡಿ ನಾನು ಹೊರಗೆ ಹೋಗಿ ಕೂತೆ, ಬೆನ್ನೆಲ್ಲ ಬೆವರು.

ಎಂ.ಆರ್.ಐ. ಆಯಿತು, ಮರುದಿನ ಮಧ್ಯಾಹ್ನ ಪ್ಲೇಟು, ಸ್ಕ್ರೂ ಹಾಕಿದೆವು. ಆಮೇಲಿನದು ನರ್ಸ್‌ಗಳ ಕೆಲಸ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ನಳಿಕೆ, ಕಫ ತೆಗೆಯುವುದು. ಆರು ವಾರಕ್ಕೆ ಹೆಬ್ಬೆರಳು ಅಲ್ಲಾಡಿತು. ಈಗ ಚಮಚ ಹಿಡಿಯುತ್ತಾನೆ, ವಾಕರ್‌ನಲ್ಲಿ ನಾಲ್ಕು ಹೆಜ್ಜೆ. ಅಂಗಿ ಗುಂಡಿ ಇನ್ನೂ ಅಣ್ಣನೇ ಹಾಕಬೇಕು.

ಆ ಅಣ್ಣ ಒಂದು ದಿನ ಕೇಳಿದ, "ನಾವು ಹಂಗೆ ಎತ್ಕೊಂಡ್ ಬಂದಿದ್ದಕ್ಕೇ ಹಿಂಗಾಯ್ತಾ ಸಾರ್?" ನೀರಲ್ಲಿ ಬೋರಲು ಬಿದ್ದವನನ್ನು ಎತ್ತದಿದ್ದರೆ ಮುಳುಗುತ್ತಿದ್ದ ಅಂದೆ. ಅದು ನಿಜ. ಟಾಟಾ ಏಸ್‌ನ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಹಲಗೆ ಮೇಲೆ ಮಲಗಿಸಿ, ತಲೆ ಹಿಡಿದುಕೊಂಡು 108 ಬರುವವರೆಗೆ ಕಾಯಬೇಕಿತ್ತು ಅನ್ನೋದನ್ನು ಅವನಿಗೆ ಹೇಗೆ ಹೇಳಲಿ?