ಸ್ವಂತ ಮನೆಯನ್ನು ಬಾಡಿಗೆಗೆ ಕೊಡುವ ಮುನ್ನ: ಅಮೆರಿಕಕ್ಕೆ ಹೊಸಬರಾದ ಕನ್ನಡಿಗರಿಗೆ ವಿಮೆಯ ಮಾರ್ಗದರ್ಶಿ

ಅಮೆರಿಕಕ್ಕೆ ಬಂದು ಕೆಲವು ವರ್ಷಗಳಲ್ಲಿ ಮನೆ ಕೊಂಡ ನಮ್ಮವರಲ್ಲಿ ಅನೇಕರು, ಕೆಲಸ ಬೇರೆ ರಾಜ್ಯಕ್ಕೆ ಬದಲಾದಾಗಲೋ, ದೊಡ್ಡ ಮನೆಗೆ ಹೋದಾಗಲೋ, ಭಾರತಕ್ಕೆ ಮರಳಿದಾಗಲೋ ಹಳೆಯ ಮನೆಯನ್ನು ಮಾರದೆ ಬಾಡಿಗೆಗೆ ಕೊಡುತ್ತಾರೆ. ಬಾಡಿಗೆದಾರರ ಕ್ರೆಡಿಟ್ ವರದಿ, ಕರಾರುಪತ್ರ, ಮುಂಗಡ ಠೇವಣಿ ಇವುಗಳಲ್ಲಿ ತೋರುವ ಎಚ್ಚರವನ್ನು ವಿಮೆಯ ವಿಷಯದಲ್ಲಿ ತೋರುವವರು ಕಡಿಮೆ. ಮನೆಗೆ ವಿಮೆ ಆಗಲೇ ಇದೆ, ಸಾಲದ ಕಂತಿನ ಜೊತೆಗೇ, ತೆರಿಗೆ ಮತ್ತು ವಿಮೆಗೆಂದು ಬ್ಯಾಂಕ್ ಹಣ ಕೂಡಿಡುವ ಎಸ್ಕ್ರೋ ಖಾತೆಯಿಂದ ಪ್ರೀಮಿಯಂ ಹೋಗುತ್ತಿದೆ, ಹಾಗಿರುವಾಗ ಮತ್ತೇನು ಮಾಡಬೇಕು ಎಂದು ಅವರು ಸುಮ್ಮನಿರುತ್ತಾರೆ. ಆದರೆ ಇಲ್ಲಿನ ಮನೆ ವಿಮೆ ನಿಂತಿರುವುದು ಮನೆ ಯಾರದು ಎಂಬುದರ ಮೇಲಷ್ಟೇ ಅಲ್ಲ, ಅದರಲ್ಲಿ ಯಾರು ವಾಸಿಸುತ್ತಾರೆ ಎಂಬುದರ ಮೇಲೆ.

ಮನೆ ಕೊಂಡಾಗ ನಾವು ಸಾಮಾನ್ಯವಾಗಿ ತೆಗೆದುಕೊಳ್ಳುವುದು ಎಚ್‌ಒ-3 ಎಂಬ ಹೋಮ್‌ಓನರ್ಸ್ ಪಾಲಿಸಿ. ಅದರ ವ್ಯಾಖ್ಯೆಗಳ ಪುಟದಲ್ಲಿ, ವಿಮೆ ಇರುವುದು ಪಾಲಿಸಿದಾರರು ಸ್ವತಃ ವಾಸಿಸುವ ಮನೆಗೆ ಎಂಬ ಅರ್ಥದ ಸಾಲೊಂದು ಇರುತ್ತದೆ. ನೀವು ಮನೆ ಬಿಟ್ಟು ಬೀಗದ ಕೈಯನ್ನು ಬಾಡಿಗೆದಾರರಿಗೆ ಕೊಟ್ಟ ಮೇಲೆ ಆ ಸಾಲು ನಿಮ್ಮ ವಿರುದ್ಧ ನಿಲ್ಲುತ್ತದೆ. ಪ್ರೀಮಿಯಂ ತಪ್ಪದೆ ಕಟ್ಟುತ್ತಲೇ ಇದ್ದರೂ ಬೆಂಕಿ ಬಿದ್ದಾಗ ಕಂಪನಿ ಕ್ಲೇಮನ್ನು ನಿರಾಕರಿಸಬಹುದು. ಆದ್ದರಿಂದ ಬಾಡಿಗೆಯ ಕರಾರಿಗೆ ಸಹಿ ಹಾಕುವ ಮೊದಲೇ ಏಜೆಂಟರಿಗೆ ತಿಳಿಸಿ, ಬಾಡಿಗೆದಾರರು ಒಳಬರುವ ದಿನದಿಂದಲೇ ಜಾರಿಗೆ ಬರುವಂತೆ ಬಾಡಿಗೆ ಮನೆಯ ಪಾಲಿಸಿ ತೆಗೆದುಕೊಳ್ಳಿ. ದೂರವಾಣಿಯಲ್ಲಿ ಹೇಳಿದರೆ ಸಾಲದು, ಲಿಖಿತ ಉತ್ತರವನ್ನು ಪಡೆದಿಟ್ಟುಕೊಳ್ಳಬೇಕು.

ಜಾಹೀರಾತುಗಳು ಇದನ್ನು ಲ್ಯಾಂಡ್‌ಲಾರ್ಡ್ ಇನ್ಶುರೆನ್ಸ್ ಎನ್ನುತ್ತವೆ, ಕಾಗದಪತ್ರಗಳಲ್ಲಿ ಅದು ಡ್ವೆಲಿಂಗ್ ಪಾಲಿಸಿ. ಇದರಲ್ಲಿ ಡಿಪಿ-1, ಡಿಪಿ-2, ಡಿಪಿ-3 ಎಂಬ ಮೂರು ಬಗೆಗಳಿವೆ. ಡಿಪಿ-1 ಬೆಂಕಿ, ಸಿಡಿಲಿನಂಥ ಹೆಸರಿಸಿದ ಕೆಲವೇ ಅಪಾಯಗಳಿಗೆ ಸೀಮಿತವಾಗಿದ್ದು, ಒಳಗಿನ ಪೈಪ್ ಒಡೆದು ನೀರು ನುಗ್ಗಿದರೆ ಸಾಮಾನ್ಯವಾಗಿ ಏನನ್ನೂ ಕೊಡುವುದಿಲ್ಲ. ಡಿಪಿ-2ರ ಪಟ್ಟಿ ಇನ್ನಷ್ಟು ಉದ್ದ, ಆದರೆ ಅದೂ ಪಟ್ಟಿಯೇ. ಡಿಪಿ-3 ಮಾತ್ರ ಕಟ್ಟಡದ ಮಟ್ಟಿಗೆ ಲೆಕ್ಕವನ್ನು ತಿರುಗಿಸುತ್ತದೆ: ಪಾಲಿಸಿಯಲ್ಲಿ ಸ್ಪಷ್ಟವಾಗಿ ಹೊರಗಿಟ್ಟ ಕಾರಣಗಳನ್ನು ಬಿಟ್ಟು ಉಳಿದ ಎಲ್ಲ ಆಕಸ್ಮಿಕ ಹಾನಿಗೂ ಅದು ಅನ್ವಯಿಸುತ್ತದೆ. ಮೊದಲಿನವುಗಳಲ್ಲಿ ಹಾನಿಯ ಕಾರಣ ಪಟ್ಟಿಯಲ್ಲಿದೆ ಎಂದು ತೋರಿಸುವ ಭಾರ ನಿಮ್ಮದು, ಡಿಪಿ-3ರಲ್ಲಿ ಅದು ಹೊರಗಿದೆ ಎಂದು ತೋರಿಸುವ ಭಾರ ಕಂಪನಿಯದು. ಸಾಧಾರಣ ಸ್ಥಿತಿಯ ಮನೆಗೆ ಡಿಪಿ-3 ಸಿಗುವುದಾದರೆ ಬೇರೆಯದನ್ನು ಯೋಚಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಬಗೆಯೇ ಆದರೂ ಸವೆತ, ಗೆದ್ದಲು, ತಿಂಗಳುಗಟ್ಟಲೆ ತೊಟ್ಟಿಕ್ಕಿದ ನಲ್ಲಿಯಿಂದಾದ ಕೊಳೆತ ಇವುಗಳಿಗೆ ಪರಿಹಾರ ಸಿಗುವುದಿಲ್ಲ. ಅವು ಮನೆ ಮಾಲೀಕರ ನಿರ್ವಹಣೆಗೆ ಸೇರಿದವು.

ಬಗೆಯಷ್ಟೇ ಮುಖ್ಯವಾದದ್ದು ಪರಿಹಾರವನ್ನು ಲೆಕ್ಕ ಹಾಕುವ ರೀತಿ. ರೀಪ್ಲೇಸ್‌ಮೆಂಟ್ ಕಾಸ್ಟ್ ಎಂದಿದ್ದರೆ ಹಾಳಾದದ್ದನ್ನು ಇಂದಿನ ಬೆಲೆಯಲ್ಲಿ ಹೊಸದಾಗಿ ಮಾಡಿಸುವ ಖರ್ಚು ಸಿಗುತ್ತದೆ. ಆಕ್ಚುವಲ್ ಕ್ಯಾಶ್ ವ್ಯಾಲ್ಯೂ ಎಂದಿದ್ದರೆ ಅದರಿಂದ ಸವಕಳಿಯನ್ನು ಕಳೆಯುತ್ತಾರೆ. 20 ವರ್ಷ ಬಾಳಿಕೆಯ ಛಾವಣಿಯೊಂದು 12 ವರ್ಷ ಹಳೆಯದಾಗಿದ್ದಾಗ ಆಲಿಕಲ್ಲಿನಿಂದ ಹಾಳಾಯಿತು, ಹೊಸದಕ್ಕೆ 15,000 ಡಾಲರ್ ಬೇಕು, ಡಿಡಕ್ಟಿಬಲ್ (ಕ್ಲೇಮಿನಲ್ಲಿ ಮೊದಲು ನೀವೇ ಭರಿಸಬೇಕಾದ ಮೊತ್ತ) 2,500 ಡಾಲರ್ ಎಂದಿಟ್ಟುಕೊಳ್ಳಿ. ಮೊದಲ ಲೆಕ್ಕದಲ್ಲಿ ನಿಮಗೆ 12,500 ಡಾಲರ್ ಬರುತ್ತದೆ. ಎರಡನೆಯದರಲ್ಲಿ ಸವಕಳಿಯೇ 9,000 ಡಾಲರ್ ಆಗಿ ಕೈಗೆ ಸಿಗುವುದು 3,500 ಮಾತ್ರ. ಇಡೀ ಮನೆಗೆ ಮೊದಲ ಲೆಕ್ಕವನ್ನಿಟ್ಟು ಛಾವಣಿಗೆ ಮಾತ್ರ ಎರಡನೆಯದನ್ನು ಸೇರಿಸುವ ಪಾಲಿಸಿಗಳೂ ಇರುವುದರಿಂದ ಛಾವಣಿಯ ಬಗ್ಗೆ ಪ್ರತ್ಯೇಕವಾಗಿಯೇ ಕೇಳಬೇಕು.

ಎಷ್ಟು ಮೊತ್ತಕ್ಕೆ ವಿಮೆ ಮಾಡಿಸಬೇಕು ಎಂಬಲ್ಲಿ ಮನೆಯ ಮಾರುಕಟ್ಟೆ ಬೆಲೆಯನ್ನೂ ಸಾಲದ ಬಾಕಿಯನ್ನೂ ಮರೆತುಬಿಡಿ. ನೆಲ ಸುಟ್ಟುಹೋಗುವುದಿಲ್ಲ. ಬೇಕಾದದ್ದು ಅದೇ ಜಾಗದಲ್ಲಿ ಅದೇ ಮನೆಯನ್ನು ಮತ್ತೆ ಕಟ್ಟಿಸುವ ಖರ್ಚು. ಡಿಪಿ-2 ಮತ್ತು ಡಿಪಿ-3ರಲ್ಲಿ ಸಾಮಾನ್ಯವಾಗಿರುವ ನಿಯಮದಂತೆ, ಈ ಖರ್ಚಿನ ಶೇಕಡ 80ಕ್ಕಿಂತ ಕಡಿಮೆ ಮೊತ್ತಕ್ಕೆ ವಿಮೆ ಇದ್ದರೆ ಸಣ್ಣ ಹಾನಿಗೂ ಪೂರ್ತಿ ಪರಿಹಾರ ಸಿಗುವುದಿಲ್ಲ. ಕಟ್ಟಿಸಲು 4,00,000 ಡಾಲರ್ ಬೇಕಾದ ಮನೆಗೆ ಕನಿಷ್ಠ 3,20,000 ಡಾಲರಿನ ವಿಮೆ ಇರಬೇಕು. ನೀವು 2,40,000ಕ್ಕೆ ಮಾಡಿಸಿದ್ದೀರಿ ಎಂದಾದರೆ ಅಗತ್ಯದ ಮುಕ್ಕಾಲು ಪಾಲು ಮಾತ್ರ ಇದ್ದಂತಾಯಿತು. ಅಡುಗೆಮನೆಯಲ್ಲಿ ಬೆಂಕಿ ಬಿದ್ದು 40,000 ಡಾಲರ್ ಹಾನಿಯಾದರೆ ಅದರ ಮುಕ್ಕಾಲು, ಅಂದರೆ 30,000 ಡಾಲರ್, ಅಥವಾ ಸವಕಳಿ ಕಳೆದ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರಿಂದ ಡಿಡಕ್ಟಿಬಲ್ ಕಳೆದು ಕೊಡುತ್ತಾರೆ. ಹಳೆಯ ಮನೆಗಳಿಗೆ ಆರ್ಡಿನೆನ್ಸ್ ಆರ್ ಲಾ ಎಂಬ ಭಾಗವೂ ಅಗತ್ಯ, ಏಕೆಂದರೆ ಮರಳಿ ಕಟ್ಟುವಾಗ ಇಂದಿನ ಕಟ್ಟಡ ನಿಯಮಗಳಂತೆ ವೈರಿಂಗ್, ಮೆಟ್ಟಿಲುಗಳನ್ನು ಬದಲಿಸುವ ಹೆಚ್ಚುವರಿ ಖರ್ಚನ್ನು ಅದು ಭರಿಸುತ್ತದೆ.

ಮನೆ ರಿಪೇರಿಯಲ್ಲಿರುವಾಗ ಬಾಡಿಗೆ ಬರುವುದಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅದಕ್ಕೆಂದೇ ಫೇರ್ ರೆಂಟಲ್ ವ್ಯಾಲ್ಯೂ ಎಂಬ ಭಾಗವಿದೆ. ಪಾಲಿಸಿ ಒಪ್ಪುವ ಕಾರಣದಿಂದ ಮನೆ ವಾಸಕ್ಕೆ ಯೋಗ್ಯವಲ್ಲದಂತಾದಾಗ ಮಾತ್ರ ಇದು ನಷ್ಟವಾದ ಬಾಡಿಗೆಯನ್ನು ತುಂಬಿಕೊಡುತ್ತದೆ. ಬಾಡಿಗೆದಾರರು ಹಣ ಕೊಡದಿದ್ದರೆ ಅಥವಾ ಹೊಸಬರು ಸಿಗದೆ ಮನೆ ಖಾಲಿ ಬಿದ್ದಿದ್ದರೆ ಇದರಿಂದ ಏನೂ ಸಿಗುವುದಿಲ್ಲ.

ಇನ್ನು ಹೊಣೆಗಾರಿಕೆಯ ವಿಷಯ. ನಮ್ಮವರು ಅತಿ ಕಡಿಮೆ ಯೋಚಿಸುವುದು ಇದರ ಬಗ್ಗೆ, ಅತಿ ದೊಡ್ಡ ಆರ್ಥಿಕ ಅಪಾಯ ಇರುವುದೂ ಇಲ್ಲಿಯೇ. ಕಟ್ಟಡದ ಹಾನಿಗೆ ಕಟ್ಟಡದ ಬೆಲೆಯೇ ಮಿತಿ. ಆದರೆ ಸಡಿಲವಾದ ಮೆಟ್ಟಿಲಿನ ಕಂಬಿ ಕಳಚಿ ಬಾಡಿಗೆದಾರರ ಅತಿಥಿಯೊಬ್ಬರು ಬಿದ್ದು ಬೆನ್ನು ಮುರಿದುಕೊಂಡರೆ, ಇಲ್ಲಿನ ವೈದ್ಯಕೀಯ ವೆಚ್ಚ, ಸಂಬಳದ ನಷ್ಟ, ವಕೀಲರ ಶುಲ್ಕ ಸೇರಿ ಎಲ್ಲಿಗೆ ಮುಟ್ಟುವುದೆಂದು ಮೊದಲೇ ಹೇಳಲಾಗುವುದಿಲ್ಲ. ಹೋಮ್‌ಓನರ್ಸ್ ಪಾಲಿಸಿಯಲ್ಲಿ ಹೊಣೆಗಾರಿಕೆಯ ಭಾಗ ತಾನಾಗಿಯೇ ಇರುತ್ತದೆ, ಡ್ವೆಲಿಂಗ್ ಪಾಲಿಸಿಯ ಮೂಲ ನಮೂನೆಯಲ್ಲಿ ಇರುವುದಿಲ್ಲ. ಅದನ್ನು ಕೇಳಿ ಸೇರಿಸಿಕೊಳ್ಳಬೇಕು. ಕಡಿಮೆ ಪ್ರೀಮಿಯಂ ಹೇಳಿದ ಏಜೆಂಟರ ಕೊಟೇಶನ್ ಬಂದಾಗ ನಾನು ಮೊದಲು ಹುಡುಕುವುದು ಈ ಸಾಲನ್ನೇ. ಇದರ ಮೇಲೆ ಅಂಬ್ರೆಲಾ ಪಾಲಿಸಿಯನ್ನೂ ತೆಗೆದುಕೊಳ್ಳುವುದು ಒಳ್ಳೆಯದು. ಸಾಮಾನ್ಯವಾಗಿ 10 ಲಕ್ಷ ಡಾಲರಿನಿಂದ ಶುರುವಾಗುವ ಅದು, ಕೆಳಗಿನ ಪಾಲಿಸಿಯ ಮಿತಿ ಮುಗಿದ ಮೇಲೆ ಕೆಲಸಕ್ಕೆ ಬರುತ್ತದೆ. ಆದರೆ ಕೆಳಗಿನ ಪಾಲಿಸಿಯಲ್ಲಿ ನಿಗದಿತ ಕನಿಷ್ಠ ಮೊತ್ತ ಇರಬೇಕು ಮತ್ತು ಬಾಡಿಗೆ ಮನೆಯ ವಿವರವನ್ನು ಅಂಬ್ರೆಲಾ ಕಂಪನಿಗೂ ತಿಳಿಸಿರಬೇಕು. ಈಜುಕೊಳ, ಟ್ರ್ಯಾಂಪೊಲಿನ್, ಬಾಡಿಗೆದಾರರ ನಾಯಿಯ ತಳಿ ಇವುಗಳ ಮೇಲೆ ಹಲವು ಕಂಪನಿಗಳು ನಿರ್ಬಂಧ ಹಾಕುವುದರಿಂದ ಕರಾರಿನಲ್ಲಿ ಏನನ್ನು ಒಪ್ಪಿದ್ದೀರೋ ಅದನ್ನು ಪಾಲಿಸಿಯೂ ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ.

ಸ್ನೇಹಿತರ ಸಲಹೆಯಂತೆ ಮನೆಯನ್ನು ಸೀಮಿತ ಹೊಣೆಗಾರಿಕೆಯ ಕಂಪನಿಯಾದ ಎಲ್‌ಎಲ್‌ಸಿ ಹೆಸರಿಗೆ ವರ್ಗಾಯಿಸುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಕ್ರಯಪತ್ರದಲ್ಲಿ ಎಲ್‌ಎಲ್‌ಸಿಯ ಹೆಸರಿದ್ದು ಪಾಲಿಸಿಯಲ್ಲಿ ನಿಮ್ಮ ಹೆಸರೇ ಉಳಿದರೆ, ವಿಮೆ ಇರುವ ವ್ಯಕ್ತಿ ಒಬ್ಬರು, ನಷ್ಟವಾದ ಮಾಲೀಕರು ಇನ್ನೊಬ್ಬರು ಎಂದಾಗುತ್ತದೆ. ಎರಡು ಹೆಸರುಗಳೂ ಹೊಂದಬೇಕು. ವೈಯಕ್ತಿಕ ಅಂಬ್ರೆಲಾ ಆಗಲೂ ಅನ್ವಯಿಸುತ್ತದೆಯೇ ಎಂಬುದಕ್ಕೆ ಲಿಖಿತ ಉತ್ತರ ಬೇಕು.

ಖಾಲಿ ಮನೆಯ ನಿಯಮವನ್ನು ನಾನು ಕಲಿತದ್ದು ನಷ್ಟ ಅನುಭವಿಸಿ. ಚಳಿ ಹೆಚ್ಚಿರುವ ರಾಜ್ಯದಲ್ಲಿದ್ದ ನನ್ನ ಮನೆಯ ಬಾಡಿಗೆದಾರರು ಡಿಸೆಂಬರಿನಲ್ಲಿ ಬಿಟ್ಟುಹೋದರು, ಹೊಸಬರು ಮಾರ್ಚಿಗೆ ಬರುವವರಿದ್ದರು. ಯಾರೂ ಇಲ್ಲದ ಮನೆಗೆ ಹೀಟಿಂಗ್ ಏಕೆಂದು ಅದನ್ನು ಆರಿಸಿದೆ, ನೀರಿನ ಮುಖ್ಯ ಕವಾಟವನ್ನು ಮಾತ್ರ ಮುಚ್ಚಲಿಲ್ಲ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆದು, ಎರಡು ಕೋಣೆಗಳ ನೆಲವೂ ಗೋಡೆಗಳೂ ಹಾಳಾದವು. ಖಾಲಿ ಮನೆಯಲ್ಲಿ ಬಿಸಿ ಕಾಯ್ದುಕೊಂಡಿರಬೇಕು, ಇಲ್ಲವೇ ನೀರು ನಿಲ್ಲಿಸಿ ಪೈಪುಗಳನ್ನು ಬರಿದು ಮಾಡಿರಬೇಕು ಎಂಬ ಷರತ್ತನ್ನು ತೋರಿಸಿ ಕಂಪನಿ ಕ್ಲೇಮನ್ನು ತಳ್ಳಿಹಾಕಿತು. ಆ ಷರತ್ತು ಮೊದಲಿನಿಂದಲೂ ಪಾಲಿಸಿಯಲ್ಲಿತ್ತು, ನಾನು ಓದಿರಲಿಲ್ಲ. ಇದಲ್ಲದೆ, ಸತತ 60 ದಿನಕ್ಕಿಂತ ಹೆಚ್ಚು ಕಾಲ ಮನೆ ಖಾಲಿ ಇದ್ದರೆ ಕಿಡಿಗೇಡಿಗಳಿಂದಾದ ಹಾನಿಗೆ ಪರಿಹಾರವಿಲ್ಲ ಎಂಬ ನಿಯಮ ಬಹಳಷ್ಟು ಪಾಲಿಸಿಗಳಲ್ಲಿದೆ, ಕೆಲವು ಕಂಪನಿಗಳು 30 ದಿನವನ್ನೇ ಮಿತಿಯಾಗಿಟ್ಟಿವೆ. ಬಾಡಿಗೆದಾರರು ಬದಲಾಗುವ ಅವಧಿ ಉದ್ದವಾಗುವುದಾದರೆ ಮೊದಲೇ ಹೇಳಿ ಖಾಲಿ ಮನೆಯ ಸೇರ್ಪಡೆಯನ್ನು ಪಡೆಯಿರಿ.

ಡಿಪಿ-3 ಕೂಡ ಪ್ರವಾಹವನ್ನೂ ಭೂಕಂಪವನ್ನೂ ಹೊರಗಿಡುತ್ತದೆ. ಪ್ರವಾಹಕ್ಕೆ 1968ರ ಕಾಯ್ದೆಯಿಂದ ಹುಟ್ಟಿ ಈಗ ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ ನಡೆಸುತ್ತಿರುವ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ ಇದೆ. ಒಂದರಿಂದ ನಾಲ್ಕು ಕುಟುಂಬಗಳ ವಾಸದ ಕಟ್ಟಡಕ್ಕೆ ಅದರ ಗರಿಷ್ಠ ಮಿತಿ 2,50,000 ಡಾಲರ್, ಒಳಗಿನ ವಸ್ತುಗಳಿಗೆ 1,00,000 ಡಾಲರ್. ಮಾಲೀಕರು ತಾವೇ ವಾಸಿಸದ ಮನೆಗೆ ಇದು ಸವಕಳಿ ಕಳೆದೇ ಪರಿಹಾರ ಕೊಡುತ್ತದೆ, ನಷ್ಟವಾದ ಬಾಡಿಗೆಯನ್ನು ಕೊಡುವುದೇ ಇಲ್ಲ. ಹೊಸ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಕಾಯಬೇಕಾದ್ದರಿಂದ ಚಂಡಮಾರುತದ ಮುನ್ಸೂಚನೆ ಬಂದ ಮೇಲೆ ಕೊಂಡು ಪ್ರಯೋಜನವಿಲ್ಲ. ಭೂಕಂಪಕ್ಕೂ ಪ್ರತ್ಯೇಕ ಪಾಲಿಸಿ ಬೇಕು. 1994ರ ನಾರ್ತ್‌ರಿಜ್ ಭೂಕಂಪದ ನಂತರ ಖಾಸಗಿ ಕಂಪನಿಗಳು ಹಿಂದೆ ಸರಿದಾಗ ಕ್ಯಾಲಿಫೋರ್ನಿಯಾ 1996ರಲ್ಲಿ ಇದಕ್ಕೆಂದೇ ಕ್ಯಾಲಿಫೋರ್ನಿಯಾ ಅರ್ಥ್‌ಕ್ವೇಕ್ ಅಥಾರಿಟಿಯನ್ನು ಸ್ಥಾಪಿಸಿತು. ಕರಾವಳಿ ರಾಜ್ಯಗಳಲ್ಲಿ ಚಂಡಮಾರುತದ ಡಿಡಕ್ಟಿಬಲ್ ವಿಮೆಯ ಮೊತ್ತದ ಶೇಕಡವಾರು ಲೆಕ್ಕದಲ್ಲಿರುತ್ತದೆ: 4,00,000 ಡಾಲರಿನ ವಿಮೆಗೆ ಶೇಕಡ 2 ಎಂದರೆ ಮೊದಲ 8,000 ಡಾಲರ್ ನಿಮ್ಮದೇ. ಚರಂಡಿ ನೀರು ಹಿಮ್ಮುಖವಾಗಿ ಮನೆಯೊಳಗೆ ಬರುವ ಅಪಾಯಕ್ಕೂ ಬೇರೆಯೇ ಸೇರ್ಪಡೆ ಬೇಕು, ನೆಲಮಾಳಿಗೆ ಇರುವ ಮನೆಗಳಿಗೆ ಅದನ್ನು ಬಿಡಬಾರದು.

ನಿಮ್ಮದು ಕಾಂಡೊ (ಹಲವು ಮನೆಗಳ ಕಟ್ಟಡದಲ್ಲಿನ ಒಂದು ಮನೆ) ಆದರೆ ಹೊರಗಿನ ಕಟ್ಟಡಕ್ಕೆ ಮನೆ ಮಾಲೀಕರ ಸಂಘವಾದ ಎಚ್‌ಒಎಯ ಮಾಸ್ಟರ್ ಪಾಲಿಸಿ ಇರುತ್ತದೆ. ಅದು ಎಲ್ಲಿಗೆ ನಿಲ್ಲುತ್ತದೆ ಎಂದು ಓದಿ, ಅಲ್ಲಿಂದ ಒಳಗಿನದಕ್ಕೆ ನೀವು ವಿಮೆ ಮಾಡಿಸಬೇಕು. ರಾತ್ರಿಗಿಷ್ಟು ಎಂಬಂತೆ ಅಲ್ಪಾವಧಿಗೆ ಮನೆ ಕೊಡುವವರಿಗೆ ಈ ಯಾವ ಪಾಲಿಸಿಯೂ ಸಾಮಾನ್ಯವಾಗಿ ಹೊಂದುವುದಿಲ್ಲ, ಅದಕ್ಕೆ ಬೇರೆಯದೇ ಪಾಲಿಸಿ ಇದೆ.

ನಿಮ್ಮ ವಿಮೆ ಬಾಡಿಗೆದಾರರ ಸಾಮಾನುಗಳಿಗೆ ಅನ್ವಯಿಸುವುದಿಲ್ಲ. ಅವರು ತಮ್ಮದೇ ರೆಂಟರ್ಸ್ ಪಾಲಿಸಿಯನ್ನು ಹೊಂದಿರಬೇಕೆಂಬ ಷರತ್ತನ್ನು, ನಿಮ್ಮ ರಾಜ್ಯದ ಕಾನೂನು ಒಪ್ಪುವುದಾದರೆ, ಕರಾರಿನಲ್ಲೇ ಬರೆಸಿ. ಅದರಲ್ಲಿರುವ ಹೊಣೆಗಾರಿಕೆಯ ಭಾಗ, ಅವರ ಅಜಾಗರೂಕತೆಯಿಂದ ನಿಮ್ಮ ಮನೆಗಾಗುವ ಹಾನಿಗೂ ಒದಗುತ್ತದೆ. ನಿಮ್ಮ ಹೆಸರನ್ನು ಅದರಲ್ಲಿ ಅಡಿಷನಲ್ ಇಂಟರೆಸ್ಟ್ ಎಂದು ನಮೂದಿಸಿದರೆ ಪಾಲಿಸಿ ರದ್ದಾದಾಗ ನಿಮಗೂ ಸೂಚನೆ ಬರುತ್ತದೆ.

ಕೊಟೇಶನ್‌ಗಳನ್ನು ಹೋಲಿಸುವಾಗ ಬಗೆ, ಮೊತ್ತ, ಪರಿಹಾರದ ಲೆಕ್ಕ, ಹೊಣೆಗಾರಿಕೆಯ ಮಿತಿ, ಡಿಡಕ್ಟಿಬಲ್ ಈ ಐದೂ ಒಂದೇ ಆಗಿರುವಂತೆ ಎಲ್ಲರಿಂದಲೂ ಕೇಳಿ. ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ. ಪ್ರೀಮಿಯಂ ಇಳಿಸಲೇಬೇಕೆಂದಾದರೆ ಡಿಡಕ್ಟಿಬಲ್ ಏರಿಸುವುದು ಹೊಣೆಗಾರಿಕೆಯನ್ನು ಕತ್ತರಿಸುವುದಕ್ಕಿಂತ ಎಷ್ಟೋ ಮೇಲು. ನಿಮ್ಮ ಕ್ಲೇಮುಗಳ ಇತಿಹಾಸ ವಿಮಾ ಕಂಪನಿಗಳು ನೋಡುವ ಕ್ಲೂ ಎಂಬ ವರದಿಯಲ್ಲಿ 7 ವರ್ಷದವರೆಗೆ ಉಳಿಯುವುದರಿಂದ, ಸಣ್ಣಪುಟ್ಟ ರಿಪೇರಿಗಳನ್ನು ಸ್ವಂತ ಹಣದಿಂದಲೇ ಮಾಡಿಸುವುದು ಲೇಸು. ಬಾಡಿಗೆ ಮನೆಯ ಪ್ರೀಮಿಯಂ, ಬಾಡಿಗೆ ಆದಾಯವನ್ನು ತೋರಿಸುವ ತೆರಿಗೆ ನಮೂನೆಯಾದ ಶೆಡ್ಯೂಲ್ ಇಯಲ್ಲಿ ಖರ್ಚಾಗಿ ತೋರಿಸಲು ಬರುತ್ತದೆ.

ಭಾರತಕ್ಕೆ ಮರಳುವವರು ಕಂಪನಿಯ ದಾಖಲೆಯಲ್ಲಿರುವ ಅಂಚೆ ವಿಳಾಸವನ್ನು ಹೊರಡುವ ಮುನ್ನವೇ ಬದಲಿಸಬೇಕು. ನವೀಕರಣ ಅಥವಾ ರದ್ದತಿಯ ನೋಟಿಸು ಹಳೆಯ ವಿಳಾಸಕ್ಕೆ, ಅಂದರೆ ಬಾಡಿಗೆದಾರರ ಕೈಗೆ ಹೋಗಿ, ನಿಮಗೆ ತಿಳಿಯದೆ ಪಾಲಿಸಿ ನಿಂತುಹೋದರೆ, ಸಾಲ ಕೊಟ್ಟ ಬ್ಯಾಂಕ್ ತಾನೇ ದುಬಾರಿ ವಿಮೆಯೊಂದನ್ನು ಹೇರಿ ಅದರ ಖರ್ಚನ್ನು ನಿಮ್ಮ ಖಾತೆಗೆ ಹಾಕುತ್ತದೆ. ಆ ವಿಮೆ ಕಾಪಾಡುವುದು ಮುಖ್ಯವಾಗಿ ಬ್ಯಾಂಕಿನ ಸಾಲವನ್ನು. ನಿಮ್ಮ ಹೊಣೆಗಾರಿಕೆಗೂ ಬಾಡಿಗೆಯ ನಷ್ಟಕ್ಕೂ ಅದರಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ನಂಬಿಕೆಯ ಬಂಧುಗಳ ಅಥವಾ ಪ್ರಾಪರ್ಟಿ ಮ್ಯಾನೇಜರರ ವಿಳಾಸವನ್ನು ಕೊಟ್ಟು, ಇಮೇಲ್ ಸೂಚನೆಗೂ ನೋಂದಾಯಿಸಿ, ನವೀಕರಣದ ದಿನಾಂಕವನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚಿತವಾಗಿಯೇ ಗುರುತು ಹಾಕಿಟ್ಟುಕೊಳ್ಳಿ.