ಆಡಳಿತ ಸಂಶೋಧನೆಯ ಒಲವು ಲೆಕ್ಕ ಹಾಕುವಾಗ ಊರ ಹೆಸರೇ ಕೈಕೊಡುತ್ತದೆ

ಸಾರ್ವಜನಿಕ ನಿರ್ವಹಣೆಯ ಮೇಲೆ ಎಷ್ಟು ಪ್ರಕಟವಾಗಿದೆ, ಎತ್ತ ವಾಲಿದೆ ಎಂದು ಪಿಎಚ್‌ಡಿ ಸಿನಾಪ್ಸಿಸ್‌ನಲ್ಲಿ (ಸಂಶೋಧನೆಯ ರೂಪುರೇಷೆಯಲ್ಲಿ) ತೋರಿಸಬೇಕೆ? ಸಂಶೋಧನಾ ಲೇಖನಗಳ ವಿವರ ಸಿಗುವ ಸ್ಕೋಪಸ್ ದತ್ತಸಂಚಯ ತೆರೆದು ‘ಪಬ್ಲಿಕ್ ಮ್ಯಾನೇಜ್‌ಮೆಂಟ್’ ಎಂದು ಇಂಗ್ಲಿಷಿನಲ್ಲಿ, ಉದ್ಧರಣ ಚಿಹ್ನೆಯೊಳಗೆ ಹಾಕಿ. ಚಿಹ್ನೆ ಮರೆತರೆ ಕೆರೆ ನಿರ್ವಹಣೆ, ಕಸ ನಿರ್ವಹಣೆ ಎಲ್ಲ ಬಂದು ಬೀಳುತ್ತವೆ. ‘ಪಬ್ಲಿಕ್ ಅಡ್ಮಿನಿಸ್ಟ್ರೇಷನ್’ ಪದವನ್ನೂ ‘ಆರ್’ (OR, ಅಂದರೆ ‘ಅಥವಾ’) ಹಾಕಿ ಸೇರಿಸಿ. ನಮ್ಮಲ್ಲಿ ಬಹಳ ಮಂದಿ ಬರೆಯುವುದು ಆ ಹೆಸರಿನಲ್ಲೇ. ಆಡಳಿತ ವಿದ್ವಾಂಸ ಕ್ರಿಸ್ಟೋಫರ್ ಹುಡ್ ‘ನ್ಯೂ ಪಬ್ಲಿಕ್ ಮ್ಯಾನೇಜ್‌ಮೆಂಟ್’ (ಖಾಸಗಿ ವಲಯದ ನಿರ್ವಹಣಾ ರೀತಿಯನ್ನು ಸರ್ಕಾರಿ ಆಡಳಿತಕ್ಕೆ ತರುವುದು) ಚರ್ಚೆಗೆ ರೂಪ ಕೊಟ್ಟ ಲೇಖನ 1991ರದು, ಅಲ್ಲಿಂದ ಶುರು ಮಾಡಬಹುದು.

ಜಿಲ್ಲೆಗಳ ಮೇಲಿನ ಲೇಖನ ಬೇರೆ ಮಾಡುವಾಗ ತೊಡಕು ಹೆಚ್ಚು. ‘ತುಮಕೂರು’ ಎಂಬ ಕಾಗುಣಿತ ಇಂಗ್ಲಿಷಿನಲ್ಲಿ ಅಧಿಕೃತವಾದದ್ದು 2014ರ ನವೆಂಬರ್‌ನಲ್ಲಿ. ಹಳೆಯ ಲೇಖನಗಳೆಲ್ಲ ‘ಟುಮ್ಕೂರ್’. ಎರಡೂ ಹಾಕಿ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದೆ ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರಿನ ಪಂಚಾಯಿತಿಗಳ ಅಧ್ಯಯನವೆಲ್ಲ ಕೋಲಾರದ ಲೆಕ್ಕಕ್ಕೇ ಸೇರಿದೆ. ಇದನ್ನು ಬೇರ್ಪಡಿಸದೆ ಗ್ರಾಫ್ ಎಳೆದರೆ ಕೋಲಾರದಲ್ಲಿ ಸಂಶೋಧನೆ ಕುಸಿದಂತೆ, ಚಿಕ್ಕಬಳ್ಳಾಪುರದಲ್ಲಿ ದಿಢೀರ್ ಹುಟ್ಟಿದಂತೆ ಕಾಣುತ್ತದೆ. ತಾಲ್ಲೂಕಿನ ಹೆಸರಿನಲ್ಲಿ ಹುಡುಕುವುದೇ ಗಟ್ಟಿ ದಾರಿ. ಬರೀ ‘ಕೋಲಾರ್’ ಎಂದರೆ ಚಿನ್ನದ ಗಣಿಯ ಭೂವಿಜ್ಞಾನ ಬರುತ್ತದೆ. ಗೂಗಲ್ ಸ್ಕಾಲರ್‌ನಲ್ಲಂತೂ ಕೋಲಾರ್ ಎಂಬ ಅಡ್ಡಹೆಸರಿನ ಯುರೋಪಿನ ಲೇಖಕರೂ ಹಾಜರ್! ಅದು 1000ಕ್ಕಿಂತ ಹೆಚ್ಚು ಫಲಿತಾಂಶ ತೋರಿಸುವುದೂ ಇಲ್ಲ. ಎಣಿಕೆಗೆ ಅದನ್ನು ನಂಬಬೇಡಿ.

ಕನ್ನಡದ ಮಹಾಪ್ರಬಂಧಗಳು ಸ್ಕೋಪಸ್‌ನಲ್ಲಿ ಇರುವುದಿಲ್ಲ. ಅವಕ್ಕೆ ಭಾರತದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾ ನೋಡಿ, ಪಟ್ಟಿ ಬೇರೆ ಇಡಿ.

ಸಿಕ್ಕಿದ್ದನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಸರಳ ಪಟ್ಟಿ) ಫೈಲಾಗಿ ಇಳಿಸಿ, ಎಕ್ಸೆಲ್‌ನಲ್ಲಿ ಡಿಒಐ (ಪ್ರತಿ ಲೇಖನದ ಗುರುತು ಸಂಖ್ಯೆ) ಕಾಲಂ ನೋಡಿ ಎರಡೆರಡು ಸಲ ಬಂದದ್ದನ್ನು ಅಳಿಸಿ. ಡಿಒಐ ಇಲ್ಲದ ಹಳೆಯ ಲೇಖನಗಳನ್ನು ಶೀರ್ಷಿಕೆ ಹೋಲಿಸಿಯೇ ತೆಗೆಯಬೇಕು; ಖಾಲಿ ಕೋಶಗಳನ್ನೆಲ್ಲ ಎಕ್ಸೆಲ್ ಒಂದೇ ಎಂದುಕೊಂಡು ಅಳಿಸಿಬಿಡುತ್ತದೆ. ಲೇಖಕರ ಪಟ್ಟಿಯಲ್ಲೂ ಎಚ್ಚರ: ನಮ್ಮ ಇನಿಷಿಯಲ್ ಊರಿನದೋ ಅಪ್ಪನದೋ ಆಗಿರುವುದರಿಂದ ಒಬ್ಬರೇ ಮೂವರಾಗಿ ಕಾಣಬಹುದು.

ಯಾವ ವಿಷಯ ಯಾವುದರ ಜೊತೆ ಬರುತ್ತದೆ ಎಂಬ ನಕ್ಷೆಗೆ ವೋಸ್‌ವ್ಯೂವರ್ ಎಂಬ ತಂತ್ರಾಂಶ ಸಾಕು, ಉಚಿತ. ಒಂದು ಕೀವರ್ಡ್ ಕನಿಷ್ಠ 5 ಸಲ ಬಂದಿರಬೇಕೆಂದು ಅದು ತಾನಾಗಿ ಕೇಳುತ್ತದೆ. ನೂರರ ಆಸುಪಾಸಿನ ಲೇಖನಗಳಿದ್ದರೆ 2ಕ್ಕೆ ಇಳಿಸಿ. ‘ಇ-ಗವರ್ನೆನ್ಸ್’, ‘ಇ-ಗವರ್ನಮೆಂಟ್’ ಒಂದಾಗಬೇಕಿದ್ದರೆ ಥಿಸಾರಸ್ ಫೈಲ್ (ಯಾವ ಪದದ ಬದಲು ಯಾವುದು ಎಂಬ ಪಟ್ಟಿ) ಕೊಡಿ.

ನಡೆಯುತ್ತಿರುವ ವರ್ಷವನ್ನು ಗ್ರಾಫಿನಿಂದ ಬಿಡಿ, ಅದರ ಲೇಖನಗಳು ಇನ್ನೂ ಸೇರುತ್ತಲೇ ಇರುತ್ತವೆ. ಉಲ್ಲೇಖಗಳನ್ನು ಒಟ್ಟು ಎಣಿಸದೆ, ಲೇಖನ ಬಂದು ಎಷ್ಟು ವರ್ಷವಾಯಿತೋ ಅಷ್ಟರಿಂದ ಭಾಗಿಸಿ ಬರೆಯಿರಿ.